ಡಬ್ಬು ಹಾಕಿದ ಗ್ಲಾಸು

ಬೆಳಗಾಗುತ್ತಲೇ ಹೇಮಾ ಅಂಗಳದ ಕಸ ಹೊಡೆಯುತ್ತಿದ್ದಳು. ಅದು ಅವಳ ಅಂಗಳವಲ್ಲ. ನೇಪಾಳದಲ್ಲಿ, ಲುಂಬಿನಿಯ ಹತ್ತಿರದ ಹಳ್ಳಿಯೊಂದರಲ್ಲಿ ಯಾತ್ರಿಕರಿಗೆ ಕೋಣೆ ಕೊಡುವ ಫೂಲ್‌ಮತಿ ಎಂಬಾಕೆಯ ಅಂಗಳ. ಕಸ ಹೊಡೆ ಎಂದು ಯಾರೂ ಹೇಳಿರಲಿಲ್ಲ. ರೈಲು, ಬಸ್ಸುಗಳಲ್ಲಿ ಕೂತು ಸೊಂಟ ಹಿಡಿದುಹೋಗಿತ್ತು; ಆದರೂ ಎದ್ದ ಕೂಡಲೇ ಕೈ ತಾನಾಗಿ ಕಸಬರಿಗೆ ಹುಡುಕಿತ್ತು. ಅರ್ಧ ಅಂಗಳ ಮುಗಿದಿರಬೇಕು, ಫೂಲ್‌ಮತಿ ಅಡುಗೆಮನೆಯಿಂದ ಹೊರಬಂದು ಹಿಂದಿಯಲ್ಲಿ ಏನೋ ಕೇಳಿದಳು.

ತನ್ನೂರಾದ ತಿಳವಳ್ಳಿಯಲ್ಲಿ ಶಾಕೀರಾಳ ಜೊತೆ ಕಳೆ ತೆಗೆಯಲು ಹೋಗಿ ಹೋಗಿ ಹೇಮಾಳಿಗೆ ಉರ್ದು ಅಷ್ಟಿಷ್ಟು ತಿಳಿಯುತ್ತಿತ್ತು. ನಿನ್ನೆ ಸಂಜೆ ಚಹಾ ಕುಡಿದ ಗ್ಲಾಸುಗಳು ಎಲ್ಲಿ ಹೋದವು, ಒಲೆಯ ಮೇಲೆ ಚಹಾ ಉಕ್ಕುತ್ತಿದೆ ಎನ್ನುತ್ತಿದ್ದಳು ಆಕೆ.

ಗ್ಲಾಸುಗಳು ಪಂಪಿನ ಪಕ್ಕದ ಮೋಟುಗೋಡೆಯ ಮೇಲಿದ್ದವು. ಹೇಮಾಳೇ ತೊಳೆದು, ಬಾಯಿ ಕೆಳಗೆ ಮಾಡಿ ಡಬ್ಬು ಹಾಕಿ, ಸಾಲಾಗಿ ಇಟ್ಟಿದ್ದಳು. ಅವುಗಳ ಬೆನ್ನ ಮೇಲೆ ಇಬ್ಬನಿ ಕೂತಿತ್ತು. ಅವಳು ಓಡಿಹೋಗಿ ತಂದುಕೊಟ್ಟಳು. "ಹೊರಗೆ ಯಾಕಿಟ್ಟೆ? ನಾಯಿಗಳು ಬಾಯಿ ಹಾಕುತ್ತವೆ," ಎಂದು ಫೂಲ್‌ಮತಿ ನಕ್ಕು, ಸೆರಗಿನಿಂದ ಅವುಗಳನ್ನು ಒರೆಸುತ್ತ ಒಳಗೆ ಹೋದಳು.

ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ ಅಡಿವೆವ್ವ ಗಂಟಲಲ್ಲೇ ಗೊಣಗಿದಳು. "ಗಲಾಸ ಕದ್ದಾರಂತ ತಿಳದಾಳ ಆಕಿ. ಬುದ್ಧನ್ನ ನೋಡಾಕ ಬಂದು ಕಳ್ಳರಾದ್ವಿ ನೋಡು."

"ಹೊರಗ ಇಡು ಅಂದಾಕಿ ನೀನ ಅಲ್ಲೇನಬೇ?" ಎಂದ ಅವಳ ಮಗ, ಹೇಮಾಳ ಗಂಡ ಹುಲಗೇಶ.

"ನಾ ಎಲ್ಲಿ ಅಂದೆ? ಈಕಿ ಕೈ ತಾನ ಇಟ್ಟೈತಿ."

ಹೇಮಾ ಉಳಿದರ್ಧ ಅಂಗಳದ ಕಸ ಹೊಡೆಯತೊಡಗಿದಳು. ಬಾಗಿಲಲ್ಲಿ ನಿಂತಿದ್ದ ಮಗಳು ಸಮತಾ ಒಮ್ಮೆ ಮೋಟುಗೋಡೆಯನ್ನು, ಒಮ್ಮೆ ಅಡುಗೆಮನೆಯನ್ನು ನೋಡುತ್ತಿದ್ದಳು.

ವಿದೇಶಕ್ಕೆ ಹೋಗುವುದೆಂದರೆ ವಿಮಾನ ಬೇಕೇ ಬೇಕು ಎಂದು ಸಮತಾಳ ಗೆಳತಿ ಮದಿಹಾ ಆಣೆ ಮಾಡಿ ಹೇಳಿದ್ದಳು. ಗಡಿಯಲ್ಲಿ ಒಂದು ದೊಡ್ಡ ಕಮಾನಿನ ಕೆಳಗೆ ಗಂಟುಮೂಟೆ ಹೊತ್ತು ದಾಟಿದಾಗ, "ಮುಗೀತೇನಪ್ಪಾ? ನಡಕೋಂತ ಬಂದ್ವೆಲ್ಲಾ!" ಎಂದು ಹುಡುಗಿಯ ಮುಖ ಸಣ್ಣದಾಗಿತ್ತು. ಆಮೇಲೆ ಫೂಲ್‌ಮತಿಯ ಮನೆಯ ಗಡಿಯಾರ ಅಪ್ಪನ ಮೊಬೈಲಿಗಿಂತ ಕಾಲು ತಾಸು ಮುಂದೆ ಓಡುವುದು ಕಂಡು, ಇದು ಬೇರೆ ದೇಶವೇ ಎಂದು ಒಪ್ಪಿಕೊಂಡಳು. ಬುದ್ಧ ಹುಟ್ಟಿದ ಜಾಗದಲ್ಲಿ ಅಜ್ಜಿ ಕೈಮುಗಿದು ಕಣ್ಣೀರು ಒರೆಸಿಕೊಳ್ಳುವಾಗ ಅವಳೂ ಕೈಮುಗಿದು ನಿಂತಳು. ಕೊಳದಲ್ಲಿ ಆಮೆ ನೋಡಿದಳು. ಯಾವ ದೇಶದವಳೋ ಬೋಳುತಲೆಯ ಸನ್ಯಾಸಿನಿಯೊಬ್ಬಳು ಅವಳ ಗಲ್ಲ ಹಿಂಡಿ ಒಂದು ಪೆಪ್ಪರಮಿಂಟು ಕೊಟ್ಟಳು.

ಆದರೆ ಅವಳಿಗೆ ಹಿಡಿಸಿದ್ದು ಫೂಲ್‌ಮತಿಯ ಅಡುಗೆಮನೆ. ಮರುದಿನ ಚಹಾದ ಹೊತ್ತಿಗೆ, "ಬಾ ಮಗಳೇ, ನಿನ್ನ ಗ್ಲಾಸು ತಗೋ," ಎಂದು ಆಕೆ ಒಳಗಿನಿಂದ ಕರೆದಳು. ಸಮತಾ ಹೊಸ್ತಿಲಲ್ಲಿ ನಿಂತು ಅವ್ವನ ಮುಖ ನೋಡಿದಳು. ಹೇಮಾ ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಒಳಗೆ ಹೋದವಳಿಗೆ ಸ್ಟ್ಯಾಂಡಿನ ತುಂಬ ಗ್ಲಾಸುಗಳು ಕಂಡವು. ನವಿಲು ಕೆತ್ತಿದ್ದು, ನೆಗ್ಗಿದ್ದು, ಹೆಸರು ಕೊರೆಸಿದ್ದು.

"ಅವ್ವಾ, ನಮ್ಮದು ಯಾವುದು?"

ಹೇಮಾ ಹೊರಗಿನಿಂದಲೇ ಅದನ್ನು ತನಗೆ ಬಂದ ಭಾಷೆಯಲ್ಲಿ ಕೇಳಿದಳು. ಫೂಲ್‌ಮತಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಇಡೀ ಸ್ಟ್ಯಾಂಡಿನ ಮುಂದೆ ಕೈಬೀಸಿ, ಯಾವುದಾದರೂ ತಗೋ ಎಂದಳು. ಅವತ್ತು ನವಿಲಿನದು, ಮರುದಿನ ನೆಗ್ಗಿದ್ದು. ಕುಡಿದಾದ ಮೇಲೆ ತಾನೇ ತೊಳೆದು ಸ್ಟ್ಯಾಂಡಿಗೆ ಸಿಕ್ಕಿಸುವುದು ಹುಡುಗಿಗೆ ಆಟವಾಯಿತು.

"ಇಲ್ಲಿ ನಮ್ಮನ್ನ ಯಾರೂ ಬಲ್ಲವರಿಲ್ಲ. ಅದಕ್ಕ ಇದೆಲ್ಲಾ," ಎಂದ ಹುಲಗೇಶ ಮೆಲ್ಲಗೆ.

"ಬಲ್ಲವರಿಲ್ಲದ್ದಕ್ಕ ಇರಬೇಕು ಇಷ್ಟು ನಿದ್ದಿ ಬರಾಕತ್ತೈತಿ ನಂಗ," ಎಂದಳು ಹೇಮಾ. ಅತ್ತೆ ನಕ್ಕಳು. ಅವನು ನಗಲಿಲ್ಲ.

ತಿರುಗಿ ಬರುವಾಗ ರೈಲಿನಲ್ಲಿ ಸಮತಾ ತೊಡೆಯ ಮೇಲೆ ತಲೆಯಿಟ್ಟು, "ಅವ್ವಾ," ಎಂದಳು.

"ಏನ?"

"ಏನಿಲ್ಲ."

ಮತ್ತೆ ಹಾವೇರಿಯಿಂದ ಬಸ್ಸು ಹಿಡಿದಾಗ ಇನ್ನೊಮ್ಮೆ. ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿನ್ನುವಾಗ ಮತ್ತೊಮ್ಮೆ. ಮಗಳ ಬಾಯಲ್ಲಿ ಏನೋ ಮಾತು ಇದೆ ಎಂದು ಹೇಮಾಳಿಗೆ ಗೊತ್ತಿತ್ತು. ಏನಿದೆ ಎಂದೂ ಗೊತ್ತಿತ್ತು. ತಾನಾಗಿ ಕೇಳಿದರೆ ಉತ್ತರ ಕೊಡಬೇಕಾಗುತ್ತದೆ. ಅದಕ್ಕೆ ಬೇಕಾದ ಕಸುವು ಮೈಯಲ್ಲಿ ಉಳಿದಿರಲಿಲ್ಲ. ಅವಳು ಮಗಳ ತಲೆಯ ಹೇನು ನೋಡಿದಳು, ಜಡೆ ಬಿಚ್ಚಿ ಮತ್ತೆ ಹೆಣೆದಳು.

ಊರಿಗೆ ಬಂದ ಮರುದಿನವೇ ಸರೋಜವ್ವ ಹೇಳಿ ಕಳಿಸಿದಳು. ಅವರ ಹೊಲದ ಗೋವಿನಜೋಳ ಮುರಿದು ಅಂಗಳಕ್ಕೆ ಬಂದಿತ್ತು, ತೆನೆ ಸುಲಿಯಬೇಕಿತ್ತು. ಸುಗ್ಗಿಯ ಹೊತ್ತಿನಲ್ಲಿ ರಜೆ ಕೇಳಿದಾಗ, "ಹೋಗಿ ಬಾರವಾ, ಅತ್ತಿ ಆಸೆ ತೀರಸು," ಎಂದು ಕಳಿಸಿದ ಮನೆ ಅದು. ಆ ಮನೆ ಕರೆಯದಿದ್ದರೆ ಸುಗ್ಗಿಯಿಡೀ ಕೆಲಸವಿಲ್ಲ. ಶಾಲೆಯ ದಸರಾ ರಜೆ ಇನ್ನೂ ಮುಗಿದಿರಲಿಲ್ಲ, ಸಮತಾ ಬೆನ್ನು ಹತ್ತಿದಳು.

ಓಣಿಯ ತಿರುವಿನಲ್ಲಿ ಹೇಮಾ ನಿಂತಳು. "ಅಲ್ಲಿ ಏನೂ ಕೇಳಬ್ಯಾಡ. ತಿಳೀತಿಲ್ಲೋ? ಸುಗ್ಗಿ ಒಂದು ಮುಗೀಲಿ."

ಸಮತಾ ತಲೆಯಾಡಿಸಿದಳು.

"ಬಂದ್ಲಪಾ ಫಾರೆನ್ನಿನಾಕಿ!" ಎಂದು ಸರೋಜವ್ವ ಪಡಸಾಲೆಯಿಂದಲೇ ಕೂಗಿದಳು. "ಅಲ್ಲೇ ಇದ್ದುಬಿಡ್ತೀ ಏನೋ ಅಂದಿದ್ದೆ. ಹೆಂಗೈತಿ ಊರು?"

"ನಮ್ಮ ಊರಿನಂಗ ಐತ್ರಿ ಅವ್ವಾರ. ಭತ್ತ, ಎಮ್ಮಿ, ಧೂಳು."

"ಅದನ್ನ ನೋಡಾಕ ಅಷ್ಟು ದೂರ ಹೋಗಿದ್ರೇನು? ಹುಡುಗಿ ಸೊರಗೇತಿ ನೋಡು. ತಡಿ, ಒಂದೀಟು ಚಾ ಕುಡದ ಕುಂದ್ರರಿ."

ದನದ ಕೊಟ್ಟಿಗೆಯ ಗೋಡೆಯಲ್ಲಿ ಒಂದು ಗೂಡಿತ್ತು. ಹೇಮಾ ಅಲ್ಲಿಂದ ಎರಡು ಗ್ಲಾಸು ತೆಗೆದು, ಜೇಡರಬಲೆ ಊದಿ, ತೊಳೆದು ಕಟ್ಟೆಯ ಮೇಲಿಟ್ಟು ಹಿಂದೆ ಸರಿದಳು. ಸರೋಜವ್ವ ಚಹಾದ ಪಾತ್ರೆಯನ್ನು ತುಸು ಎತ್ತರಕ್ಕೆ ಹಿಡಿದು, ಒಂದು ಹನಿಯೂ ಚೆಲ್ಲದಂತೆ ಸುರಿದಳು. ಏಲಕ್ಕಿ ಹಾಕಿದ, ಗಟ್ಟಿ ಹಾಲಿನ ಚಹಾ. ಹುಡುಗಿಗೆ ತಿನ್ನಲೆಂದು ಸವಣೂರಿನ ಖಾರದ ಪೊಟ್ಟಣವನ್ನೂ ಬಿಚ್ಚಿ ಕೊಟ್ಟಳು.

ಹೇಮಾ ಬೇಗ ಕುಡಿದು ತನ್ನ ಗ್ಲಾಸು ತೊಳೆದು, ಗೂಡಿನಲ್ಲಿ ಡಬ್ಬು ಹಾಕಿ ತೆನೆಯ ರಾಶಿಯ ಮುಂದೆ ಕೂತಳು. ಸಿಪ್ಪೆ ಸುಲಿಯುವಾಗ ಬೆರಳಿನ ಹಳೆಯ ಸೀಳು ಉರಿಯಿತು. ಸಮತಾ ತೊಟ್ಟಿಯ ಹತ್ತಿರ ಗ್ಲಾಸು ತೊಳೆಯುವ ಸದ್ದು ಕೇಳುತ್ತಿತ್ತು. ಆಮೇಲೆ ಸದ್ದು ನಿಂತಿತು. ತಲೆಯೆತ್ತಿ ನೋಡಿದಾಗ ಹುಡುಗಿ ಗೂಡನ್ನು ದಾಟಿ ಮುಂದೆ ಹೋಗಿ, ಪಡಸಾಲೆಯ ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದಳು. ಒಳಗೆ ಅಡುಗೆಮನೆಯ ಸ್ಟ್ಯಾಂಡು ಕಾಣುತ್ತಿತ್ತು.

"ಅಲ್ಲಲ್ಲ ತಂಗಿ, ಅಲ್ಲೇ ಗೂಡಿನ್ಯಾಗ ಇಡವಾ," ಎಂದಳು ಸರೋಜವ್ವ. ಸಿಟ್ಟಿನಿಂದಲ್ಲ, ಖಾರ ಕೊಟ್ಟ ದನಿಯಲ್ಲೇ.

ಸಮತಾ ತಿರುಗಿ ಅವ್ವನನ್ನು ನೋಡಿದಳು. ಬಾ ಇಲ್ಲೆ ಎನ್ನಬೇಕಿತ್ತು ಹೇಮಾ. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅವಳು ಅರ್ಧ ಸುಲಿದ ತೆನೆಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ಗ್ಲಾಸಿನಿಂದ ನೀರು ಮೆಟ್ಟಿಲ ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಇದನ್ನ ಒಳಗ ಇಟ್ರ ಏನಾಕ್ಕೈತ್ರಿ, ಅವ್ವಾರ?"