ಬೆಲ್ಲದ ಡಬ್ಬದ ಕೆಂಪು ಗೆರೆ

ಬಾಬುರಾಯನಕೊಪ್ಪಲಿನಲ್ಲಿ ಅಣ್ಣಮ್ಮನ ಮಾತಿಗೆ ಎದುರಾಡುವವರು ಇರಲಿಲ್ಲ. ಗಂಡ ಹೋದ ಮೇಲೂ ಆಲೆಮನೆಯ ಒಲೆ ಆರದಂತೆ ನೋಡಿಕೊಂಡವಳು ಅವಳು. ಮಗ ನಿಂಗರಾಜು ಅದೇ ಜಾಗದಲ್ಲಿ ಶೀಟು ಹೊದಿಸಿ, ಅಚ್ಚುಬೆಲ್ಲವನ್ನು ರಟ್ಟಿನ ಡಬ್ಬಕ್ಕೆ ತುಂಬಿ ಕಳಿಸುವ ಕಾರ್ಖಾನೆ ಮಾಡಿಕೊಂಡಿದ್ದ. ಆದರೂ ಹೊಸದೇನೇ ಇರಲಿ, ಮೊದಲು ಅವ್ವನಿಗೆ ತೋರಿಸಿಯೇ ಮುಂದಿನ ಮಾತು.

ತೊಂಬತ್ತೆಂಟನೇ ಇಸವಿಯಲ್ಲಿ ಮುಂಬೈ ಕಂಪನಿಯೊಂದು ಬೆಲ್ಲ ಕೇಳಿತು. ಡಬ್ಬದ ಮೇಲೆ ಬಾರ್‌ಕೋಡು ಇರಲೇಬೇಕು ಅಂದರು. ಆ ಗೆರೆಗಳನ್ನು ಓದಿ ನೋಡುವುದಕ್ಕೆ ಒಂದು ಕ್ಯಾಮೆರಾ, ಒಂದು ಕಂಪ್ಯೂಟರು ಅವರೇ ಕಳಿಸಿದರು. ಡಬ್ಬ ಅಚ್ಚು ಹಾಕುವುದು ಗಂಜಾಮಿನ ಜಫರನ ಕೆಲಸ. ಸುತ್ತಲ ಊರಿನ ಮದುವೆ ಕಾರ್ಡು, ತಿಥಿ ಕಾರ್ಡು ಅವನ ಅಪ್ಪ ಸುಭಾನನ ಕಾಲದಿಂದಲೂ ಅವರ ಪ್ರೆಸ್ಸಿನಲ್ಲೇ ಆಗುತ್ತಿದ್ದವು. ಈ ಡಬ್ಬದ ಕೆಲಸ ನಂಬಿಕೊಂಡು ಜಫರ್ ಈ ಸಲ ಮದುವೆ ಕಾರ್ಡಿನ ಗಿರಾಕಿಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟಿದ್ದ.

ಅವನು ಮಾದರಿ ಡಬ್ಬ ತಂದು ಜಗಲಿಯ ಮೇಲಿಟ್ಟಾಗ ಅಣ್ಣಮ್ಮ ಹುಬ್ಬು ಗಂಟಿಕ್ಕಿದಳು.

"ಇದೇನಪ್ಪ ಜಫರಾ, ಕರಿ ಗೆರೆ! ಯಾರ್ದಾರ ತಿಥಿ ಕಾರ್ಡ್ ತಂದ್‌ಬುಟ್ಯಾ?"

"ಎಲ್ಲಾ ಕಡೆ ಕರೀಲೇ ಹಾಕ್ತಾರಮ್ಮಾ."

"ಹಾಕ್ಕಳ್ಳಿ. ಮೊದಲ್ನೇ ಸಲ ಮುಂಬೈಗೆ ಹೊಂಟಿರೋ ಬೆಲ್ಲ ಇದು. ಸಾವಿನ್ ಕಾಗ್ದದ ಬಣ್ಣ ಬ್ಯಾಡ. ಕೆಂಪ್ನಲ್ಲಾಕು, ಮದ್ವೆ ಕಾರ್ಡ್ನಂಗೆ."

ಜಫರ್ ನಿಂಗರಾಜುವಿನ ಮುಖ ನೋಡಿದ. ನಿಂಗರಾಜು, "ಅವ್ವ ಯೋಳ್ದಂಗೆ ಮಾಡ್ಬುಡು," ಅಂದ. ಜಫರನಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಶುಭಕ್ಕೆ ಕೆಂಪು, ಸಾವಿಗೆ ಕಪ್ಪು ಅನ್ನುವುದನ್ನು ಅವನು ಅಪ್ಪನ ಪಕ್ಕ ನಿಂತು ಅಕ್ಷರಕ್ಕೂ ಮೊದಲೇ ಕಲಿತಿದ್ದ. ಗೆರೆ ಗೆರೆಯೇ, ಬಣ್ಣ ಯಾವುದಾದರೇನು?

ಡಬ್ಬಗಳೆಲ್ಲ ಅಚ್ಚಾಗಿ ಬಂದವು. ಕ್ಯಾಮೆರಾ ಸರಿಮಾಡಲು ಮೈಸೂರಿನಿಂದ ಮಂಜುನಾಥ ಎಂಬ ಇಂಜಿನಿಯರು ಬಂದ. ಡಬ್ಬ ಸಾಗುವ ಬೆಲ್ಟಿನ ಮೇಲೆ ಕ್ಯಾಮೆರಾ ಕಟ್ಟಿ, ಅದರ ಸುತ್ತ ಕೆಂಪು ದೀಪಗಳ ಬಳೆ ತೊಡಿಸಿದ. ಕಂಪ್ಯೂಟರಿನ ತೆರೆಯ ಮೇಲೆ, ಗೆರೆ ಬರುವ ಜಾಗಕ್ಕೆ ಒಂದು ಚೌಕ ಎಳೆದ. ಯಾವ ಜಾತಿಯ ಗೆರೆ ಎಂದು ಆರಿಸಿದ. ಅಡ್ಡ ಬಂದರೂ ಓದು, ಓರೆ ಬಂದರೂ ಓದು ಎಂದು ಹೇಳಿಕೊಟ್ಟ. ಬೆಲ್ಟು ಓಡಿತು. ಮೊದಲ ಡಬ್ಬ ದೀಪದ ಕೆಳಗೆ ಬಂದದ್ದೇ ತಡ, ಯಂತ್ರ ಗೊರ್ರೆಂದು ಅದನ್ನು ಪಕ್ಕದ ಬುಟ್ಟಿಗೆ ನೂಕಿತು. ಹಿಂದಿನದೂ ಬುಟ್ಟಿಗೆ. ಅದರ ಹಿಂದಿನದೂ.

ಮಂಜುನಾಥ ಬೆಳಕು ಏರಿಸಿದ, ಇಳಿಸಿದ. ಚೌಕ ದೊಡ್ಡದು ಮಾಡಿದ. ಮಧ್ಯಾಹ್ನದ ಹೊತ್ತಿಗೆ ಕೈ ಚೆಲ್ಲಿದ. "ಪ್ರಿಂಟಿಂಗ್ ಸರಿಯಿಲ್ಲ ಅನ್ಸುತ್ತೆ ಸಾರ್. ಅಂಚು ಚೂಪಾಗಿಲ್ದಿದ್ರೆ ಓದಲ್ಲ."

ಹೊರಗೆ ಲಾರಿ ನಿಂತಿತ್ತು. ನಿಂಗರಾಜು ಜಫರನನ್ನು ಕರೆಸಿ, ಡಬ್ಬ ತುಂಬುವ ಹೆಂಗಸರೆಲ್ಲರ ಎದುರಿಗೇ ಅಂದ: "ಇಂಗಾ ಅಚ್ಚಾಕೋದು? ನಿಂದು ಸಾಕು ಬುಡು. ಇನ್ಮ್ಯಾಕೆ ಮೈಸೂರ್ ಪ್ರೆಸ್ಸಿಗೇ ಕೊಡ್ತೀನಿ."

ಜಫರ್ ಒಂದು ಡಬ್ಬ ಎತ್ತಿಕೊಂಡು ಗೆರೆಯ ಮೇಲೆ ಬೆರಳಾಡಿಸಿದ. "ಅಚ್ಚು ಚೆನ್ನಾಗೇ ಬಂದದಲ್ಲ ಸಾವ್ಕಾರ್ರೇ," ಅಂದ, ಮೆಲ್ಲಗೆ.

ಗದ್ದಲ ಕೇಳಿ ಅಣ್ಣಮ್ಮ ಒಳಗೆ ಬಂದಳು. ಕನ್ನಡಕ ಏರಿಸಿ ಕಂಪ್ಯೂಟರಿಗೆ ಮುಖ ಕೊಟ್ಟಳು. "ಏನಪ್ಪಾ, ಬರೀ ಬೆಳ್ಳಗದೆ? ಗೆರೆ ಎಲ್ಲೋದೊ?"

"ಬೆಳಕು ಜಾಸ್ತಿಯಾಗಿದೆ ಅಜ್ಜಿ," ಎಂದ ಮಂಜುನಾಥ, ಮತ್ತೆ ಇಳಿಸಿದ. ಡಬ್ಬವೆಲ್ಲ ಮಬ್ಬಾಯಿತು. ಮೂಲೆಯಲ್ಲಿದ್ದ ಹಸಿರು ಕಬ್ಬಿನ ಗರಿಯ ಚಿತ್ರ ಕಪ್ಪಗೆ ಎದ್ದು ಕಂಡಿತು. ಗೆರೆ ಮಾತ್ರ ಇಲ್ಲ. ಅವನು ತೆರೆಯ ಹತ್ತಿರ ಬಾಗಿ ನೋಡಿದ. ಜೇಬಿನಿಂದ ಕಪ್ಪು ಪೆನ್ನು ತೆಗೆದು ಒಂದು ಕೆಂಪು ಗೆರೆಯ ಮೇಲೆ ತಿದ್ದಿದ. ತೆರೆಯ ಮೇಲೆ ಅದೊಂದೇ ಗೆರೆ ಟಕ್ಕನೆ ಮೂಡಿತು.

"ಅಯ್ಯೋ, ನನ್ ತಲೆಗಿಷ್ಟು! ಅಚ್ಚು ಸರಿಯಾಗೇ ಇದೆ ಸಾರ್. ದೀಪ ಕೆಂಪು, ಗೆರೆನೂ ಕೆಂಪು. ಈ ಬೆಳಕಲ್ಲಿ ಕೆಂಪು ಬಣ್ಣ ಕ್ಯಾಮೆರಾಗೆ ಬಿಳಿ ಥರ ಕಾಣುತ್ತೆ."

"ದೀಪ ಬದ್ಲಾಯ್ಸು ಮತ್ತೆ," ಅಂದ ನಿಂಗರಾಜು.

"ಇಲ್ಲಿ ಬದಲಾಯಿಸ್ಬೋದು. ಅಂಗಡಿಗಳಲ್ಲೂ ಕೆಂಪು ಬೆಳಕಲ್ಲೇ ಓದೋದು, ಅಲ್ಲೇನ್ಮಾಡ್ತೀರಿ? ಕಪ್ಪೇ ಬೇಕು. ಅಲ್ಲಾ, ಕೆಂಪು ಹಾಕಿ ಅಂದೋರು ಯಾರು?"

ನಿಂಗರಾಜು ನೆಲ ನೋಡಿದ. "ಪ್ರೆಸ್ಸಿನೋರೇ... ಅಂಗೆ ಹಾಕ್ಕಂಡ್ ಬಂದ್ಬುಟ್ರು."

ಜಫರ್ ಕೈಯಲ್ಲಿದ್ದ ಡಬ್ಬವನ್ನು ಮೆಲ್ಲಗೆ ಕೆಳಗಿಟ್ಟ.

ಅಣ್ಣಮ್ಮನಿಗೆ ಎರಡೂ ಅರ್ಥವಾಯಿತು. ಮಗ ಅವ್ವನ ಮರ್ಯಾದೆ ಉಳಿಸಲು ಸುಳ್ಳು ಹೇಳಿದ. ಜಫರ್ ಅದೇ ಮರ್ಯಾದೆಗೆ ಕಟ್ಟುಬಿದ್ದು, ನಿಜ ಹೇಳದೆ ಅನ್ನ ಕಳೆದುಕೊಳ್ಳುತ್ತಿದ್ದಾನೆ. ತಾನೂ ಸುಮ್ಮನಿದ್ದರೆ ಆಯಿತು, ಯಾರೂ ಕೇಳುವುದಿಲ್ಲ. ಗಂಡನ ತಿಥಿ ಕಾರ್ಡನ್ನು ಸುಭಾನ್ ತಾನೇ ಹೊತ್ತು ತಂದಿದ್ದು ನೆನಪಾಯಿತು. ಅವಳ ಕೈಗೆ ಕೊಡದೆ, ಕಪ್ಪು ಅಕ್ಷರ ಅವಳ ಕಣ್ಣಿಗೆ ಬೀಳದಂತೆ ಕವುಚಿ ಕಟ್ಟೆಯ ಮೇಲಿಟ್ಟು, ಒಂದು ಮಾತೂ ಆಡದೆ ಹೋಗಿದ್ದ.

"ನಾನು ಅಂದೋಳು," ಎಂದಳು ಅಣ್ಣಮ್ಮ. "ಇವ ಕರೀಲೇ ತಂದಿದ್ದ. ನಾನೇ ವಾಪಸ್ ಕಳಿಸ್ದೆ."

"ಅವ್ವಾ, ಬುಡು ಅದ..."

"ಸುಮ್ಕಿರ್ಲಾ. ನಾನಾಡಿದ್ ಮಾತ ಅವನ್ ತಲೆಗ್ಯಾಕ್ ಕಟ್ಟೀಯೆ?"

ಡಬ್ಬ ತುಂಬುವ ಹೆಂಗಸರಲ್ಲೊಬ್ಬಳು, ಬೆಲ್ಟಿನ ಪಕ್ಕ ನಿಂತಿದ್ದ ಪ್ರಮೀಳಾ, ಮಾತು ತೇಲಿಸಲು ನೋಡಿದಳು. "ಕೂಸಿನ್ ಕೆನ್ನೆಗೆ ದೃಷ್ಟಿಬೊಟ್ಟು ಇಕ್ಕಾಕಿಲ್ವಾ ಅಮ್ಮಾವ್ರೆ? ಅಂಗೇ ಅನ್ಕಂಡ್ರಾಯ್ತು, ಕರೀಲಿ ಹಾಕ್ಲಿ."

"ನಂಗೆ ಬೆಣ್ಣೆ ಸವರ್ಬ್ಯಾಡ ಕಣಮ್ಮಿ. ಅದು ತಿಥಿ ಬಣ್ಣವೇಯ. ನಂಗೆ ಈಗ್ಲೂ ಹಿಡಿಸ್ದು. ಆದ್ರೂ ಹಾಕ್ಲಿ." ಜಫರನ ಕಡೆ ತಿರುಗಿದಳು. "ಇಷ್ಟೂ ಡಬ್ಬದ ಮ್ಯಾಲೆ ಅಂಟ್ಸೋಕೆ ಕರಿ ಗೆರೆ ಚೀಟಿ ಮಾಡ್ಕೊಡೋಕಾದಾತಾ?"

"ಸಂಜೆಗೆ ತತ್ತೀನಮ್ಮಾ."

ಹೊತ್ತು ಮುಳುಗುವ ಮುಂಚೆ ಚೀಟಿ ಬಂದವು. ಹೆಂಗಸರೆಲ್ಲ ಕೂತು ಅಂಟಿಸಿದರು. ಬೆಲ್ಟು ಓಡಿತು. ಡಬ್ಬ ದೀಪದ ಕೆಳಗೆ ಹಾದು ನೇರ ಮುಂದಕ್ಕೆ ಹೋಯಿತು. ಅದರ ಹಿಂದಿನದೂ ಹೋಯಿತು. ಮಂಜುನಾಥ ಕುರ್ಚಿಗೆ ಒರಗಿ ಉಸಿರು ಬಿಟ್ಟ. ಹೆಂಗಸರು ನಕ್ಕರು. ನಿಂಗರಾಜು ಮಾತ್ರ ಜಫರನ ಕಡೆ ನೋಡದೆ ಲಾರಿಯ ಹಗ್ಗ ಎಳೆದು ಎಳೆದು ನೋಡುತ್ತಿದ್ದ.

ಜಫರ್ ಬಾಗಿಲ ಬಳಿ ನಿಂತು ಬೆರಳ ಸಂದಿಯ ಮಸಿ ಒರೆಸಿಕೊಳ್ಳುತ್ತಿದ್ದ.

"ಉಂಡ್ಯೇನಪ್ಪಾ?" ಅಂದಳು ಅಣ್ಣಮ್ಮ.

"ಇನ್ನೂ ಇಲ್ಲಮ್ಮಾ. ಮನೇಗೋಯ್ತೀನಿ."

"ಕುಂತ್ಕೊ." ಹೊರಗಿನ ಮಗನನ್ನು ಕೂಗಿದಳು. "ಲೇ ನಿಂಗರಾಜು, ಹಗ್ಗ ಬುಡ್ಲಾ. ಕೈ ತೊಳ್ಕಂಡ್ ಬಾ. ಇವನ್ಗೆ ನೀನೇ ಬಡ್ಸು."

ನಿಂಗರಾಜು ಹಗ್ಗವನ್ನು ಇನ್ನೊಂದು ಸಲ ಎಳೆದು ನೋಡಿದ. ಆಮೇಲೆ ಹಗ್ಗ ಬಿಟ್ಟು ಬಚ್ಚಲ ಕಡೆ ನಡೆದ.