ಪಡುವಣ ಕಿಟಕಿಯ ಪರದೆ

ಆದಿತ್ಯವಾರದ ಊಟ ಮುಗಿಸಿ, ಒಂದು ಕೈಯಲ್ಲಿ ಚಹಾದ ಫ್ಲಾಸ್ಕು, ಇನ್ನೊಂದರಲ್ಲಿ ಕೊಡೆ ಹಿಡಿದು ಸಲೋಮಿ ಟೀಚರ್ ಪುತ್ತೂರಿನ ಆ ಸಣ್ಣ ಚರ್ಚಿನ ಗೇಟು ದಾಟಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಹಿಂದಿನ ಹಾಲ್‌ನ ಪಡುವಣ ಕಿಟಕಿ. ಅದಕ್ಕೆ ಪರದೆ ಎಳೆದಿತ್ತು. ಹೋದ ವಾರವೂ ಹಾಗೇ ಇತ್ತು. ಅದಕ್ಕೆ ಮೊದಲು ಅಷ್ಟು ವರ್ಷ ಆ ಕಿಟಕಿಗೆ ಪರದೆ ಎಂಬುದೇ ಇರಲಿಲ್ಲ.

ಅಂಗಳ ಗುಡಿಸುತ್ತಿದ್ದ ಸುಂದರ ಹಿಡಿಸೂಡಿ ನಿಲ್ಲಿಸಿ ಹತ್ತಿರ ಬಂದ. ಚರ್ಚಿನ ಕೆಲಸದವನಾದರೂ ಊರಿನ ಸುದ್ದಿಯೆಲ್ಲ ಅವನಲ್ಲೇ ಜಮೆ.

"ಟೀಚರೇ, ನಾನು ಹೇಳಿದೆ ಅಂತ ಬೇಡ. ಆ ಮಕ್ಕಳು ಶನಿವಾರವೂ ಬರ್ತಾರೆ. ಬಂದ ಕೂಡಲೇ ಪರದೆ. ಒಳಗೆ ಎಂತ ನಡೀತದೆ ಗೊತ್ತಿಲ್ಲ. ಒಂದು ಸ್ವರ ಇಲ್ಲ ಮಾರಾಯ್ರೆ!"

"ಅವರಿಗೆ ಕಿವಿ ಕೇಳುದಿಲ್ಲ ಸುಂದರ. ಸ್ವರ ಎಲ್ಲಿಂದ ಬರ್ಬೇಕು?"

"ಅದೇ ನಾನು ಹೇಳುದು. ಸ್ವರ ಇದ್ರೆ ಹೊರಗೆ ನಿಂತಾದ್ರೂ ಕೇಳ್ಬಹುದಿತ್ತು."

ಟೀಚರಿಗೆ ನಗು ಬರಲಿಲ್ಲ. ಒಳಗೆ ಹೋದರೆ ಬೆಂಚುಗಳು ಸಾಲು ತಪ್ಪಿ ಅರ್ಧ ವೃತ್ತವಾಗಿದ್ದವು. ಹತ್ತಿಪ್ಪತ್ತು ಜನರ ಕೈಗಳು ಭರದಿಂದ ಆಡುತ್ತಿದ್ದವು. ಟೀಚರನ್ನು ಕಂಡದ್ದೇ ತಡ, ಒಂದೊಂದಾಗಿ ಮಡಿಲಿಗೆ ಇಳಿದವು. ಹೆಡ್‌ಮಾಸ್ತರ್ರು ಬಂದಾಗ ಗಲಾಟೆ ನಿಲ್ಲುವ ಹಾಗೆ.

ಈ ಕೂಟ ಕಟ್ಟಿದ್ದೇ ಅವರು. ತಮ್ಮ ಎಲೀಷ ಹುಟ್ಟಾ ಕಿವುಡ. ಅವನ ಜೊತೆ ಆಡುತ್ತಲೇ ಅಕ್ಕನ ಕೈಗೂ ಮಾತು ಬಂದಿತ್ತು. ಸಂಜೆ ಮನೆಯವರೆಲ್ಲ ಪ್ರಾರ್ಥನೆಗೆ ಕೂತಾಗ ಅವನೊಬ್ಬ ಕಣ್ಣರಳಿಸಿ ಅವರಿವರ ಮುಖ ನೋಡುತ್ತಿದ್ದ. ಅಮ್ಮ ಅಂಗೈಯಿಂದ ಅವನ ಕಣ್ಣು ಒತ್ತಿ ಮುಚ್ಚುತ್ತಿದ್ದಳು. ಎಲೀಷ ತೀರಿಹೋದ ಮೇಲೆ, ಅವನಂಥವರಿಗೂ ದೇವರ ಮಾತು ಸಿಗಲಿ ಎಂದು ಟೀಚರ್ ಈ ಕೂಟ ಶುರುಮಾಡಿದರು. ಸುಳ್ಯ, ಪಂಜ, ಕಡಬದಿಂದ ಕಿವುಡರು ಬಸ್ಸು ಹತ್ತಿ ಬಂದರು. ಬರಬರುತ್ತಾ ಹರೆಯದವರು ಕಾಣೆಯಾಗಿ, ಕಡಬದ ಟೈಲರ್ ಆಮೋಸ ಮತ್ತು ಅವನಂಥ ನಾಲ್ಕಾರು ಹಳಬರು ಮಾತ್ರ ಉಳಿದಿದ್ದರು.

ಹಾಗಿರುವಾಗ ಮೈಸೂರಿನಲ್ಲಿ ಓದಿದ ನಿಖಿತಾ ಪಂಜದ ತನ್ನ ಮನೆಗೆ ಮರಳಿದಳು. ಅವಳೂ ಕಿವುಡಿ. ಸುಳ್ಯದ ಕಿಶನ್, ಅವನೂ ಕಿವುಡನೇ, ಬೈಕು ತೆಗೆದ. ಇಬ್ಬರೂ ಮನೆಮನೆ ತಿರುಗಿ, ಮೂಲೆ ಸೇರಿದ್ದವರನ್ನೆಲ್ಲ ಎಬ್ಬಿಸಿ ತಂದರು. ಹಾಲ್ ತುಂಬಿತು. ಟೀಚರಿಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಆ ಮಕ್ಕಳ ಕೈ ಓಡುವ ವೇಗಕ್ಕೆ ಅವರಿಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಇವರು ಎಲ್ಲರನ್ನೂ ಒಡೆದುಕೊಂಡು ಹೋಗಿ ಬೇರೆ ಸಭೆ ಕಟ್ಟುತ್ತಾರೋ ಏನೋ ಎಂಬ ಹುಳ ತಲೆ ಹೊಕ್ಕಿತ್ತು.

ಅಂದು ಪ್ರಾರ್ಥನೆಗೆ ನಿಂತ ಟೀಚರ್ ಎಂದಿನಂತೆ ಕಣ್ಣು ಮುಚ್ಚಿರೆಂದು ಸನ್ನೆ ಮಾಡಿ, ತಾವೂ ಮುಚ್ಚಿ, ಕೈ ಜೋಡಿಸಿ ಸ್ಪಷ್ಟ ಸ್ವರದಲ್ಲಿ ಪ್ರಾರ್ಥಿಸತೊಡಗಿದರು. ನಡುವೆ ಏನೋ ಅನುಮಾನ ಬಂದು ಒಂದು ಕಣ್ಣು ತೆರೆದರು. ಹರೆಯದವರೆಲ್ಲ ಕಣ್ಣು ಬಿಟ್ಟುಕೊಂಡು ನಿಖಿತಾಳನ್ನು ನೋಡುತ್ತಿದ್ದರು. ಅವಳ ಕೈಗಳು ಆಡುತ್ತಿದ್ದವು. ದೇವರ ಎದುರಲ್ಲೂ ಚೇಷ್ಟೆ!

ಟೀಚರ್ ನೆಟ್ಟಗೆ ಪಾಸ್ಟರ್ ಜೀವನ್ ಮನೆಗೆ ಹೋದರು.

"ಹಾಲ್‌ನ ಬೀಗದ ಕೈ ಆ ಮಕ್ಕಳ ಹತ್ರ ಬೇಡ ಪಾಸ್ಟರ್. ಶನಿವಾರದ ಕೂಟ ನಿಲ್ಲಿಸಿ."

"ಹಾಲ್ ತುಂಬಿದೆ ಅಲ್ವಾ ಟೀಚರ್? ಒಳ್ಳೆಯದೇ ಅಲ್ವಾ?"

"ಯಾಕೆ ತುಂಬಿದೆ ಅಂತ ಕೇಳಿ."

ಪಾಸ್ಟರ್ ತಲೆ ಕೆರೆದುಕೊಂಡರು. "ನಂಗೆ ಅವರ ಭಾಷೆ ಬರುದಿಲ್ಲ. ನೀವು ಹೇಳಿದ್ದೇ ನಂಗೆ ಸತ್ಯ. ಬರುವ ಆದಿತ್ಯವಾರ ನಾನೇ ಬರ್ತೇನೆ. ನೀವು ಬೇಡ ಅಂದ್ರೆ ಬೀಗ ಹಾಕುವ."

ಬೀಗ ಹಾಕಿಸುವ ಮೊದಲು ಕಣ್ಣಾರೆ ಕಾಣಬೇಕೆಂದು ಟೀಚರ್ ಶನಿವಾರ ಮಧ್ಯಾಹ್ನ ಕಳೆದ ಮೇಲೆ ಹೊರಟರು. ಸದ್ದಾಗಬಾರದೆಂದು ಚಪ್ಪಲಿ ಕಳಚಿ, ನೋಯುವ ಮೊಣಕಾಲಿನಲ್ಲಿ ತುದಿಗಾಲಿಕ್ಕುತ್ತ ಕಿಟಕಿಯ ಬಳಿ ಬಂದರು. ಒಳಗಿದ್ದವರೆಲ್ಲ ಕಿವುಡರು ಎಂಬುದು ಆ ಸಿಟ್ಟಿನಲ್ಲಿ ಅವರಿಗೆ ಹೊಳೆಯಲೇ ಇಲ್ಲ.

ಪರದೆಯ ಸಂದಿಯಲ್ಲಿ ಆಮೋಸ ಕಂಡ. ಎಲ್ಲರ ನಡುವೆ ನಿಂತಿದ್ದ. ಮೂಗಿನ ಮೇಲೆ ಇಲ್ಲದ ಕನ್ನಡಕವನ್ನು ಬೆರಳಿಂದ ಮೇಲಕ್ಕೆ ತಳ್ಳಿದ. ಅದು ಕನ್ನಡಕದ ಟೀಚರಿಗೆ ಕಿವುಡರು ಸನ್ನೆಯಲ್ಲಿ ಇಟ್ಟ ಹೆಸರು. ಆಮೇಲೆ ಮೊಣಕಾಲು ತಿಕ್ಕಿಕೊಂಡು ಮುಖ ಕಿವುಚಿದ.

ಟೀಚರಿಗೆ ತಡೆಯಲಾಗಲಿಲ್ಲ. ಬಾಗಿಲು ತಳ್ಳಿ ಒಳನುಗ್ಗಿ, ಕಿವುಡರನ್ನು ಕರೆಯುವ ರೀತಿಯಲ್ಲಿ ದೀಪದ ಸ್ವಿಚ್ಚನ್ನು ಪಟಪಟ ಒತ್ತಿದರು. ಎಲ್ಲರೂ ತಿರುಗಿದರು.

"ಆಮೋಸಣ್ಣ, ನೀವೂ ನನ್ನನ್ನು ಅಣಕಿಸುವುದಾ?" ಎಂದು ಟೀಚರ್ ಸನ್ನೆಯಲ್ಲೇ ಕೇಳಿದರು.

ಆಮೋಸ ಕಕ್ಕಾಬಿಕ್ಕಿಯಾದ. ನಿಖಿತಾ ಎದ್ದು, ಟೀಚರಿಗೆ ತಿಳಿಯಲೆಂದು ಕೈಗಳನ್ನು ನಿಧಾನ ಮಾಡಿದಳು.

"ಅಣಕ ಅಲ್ಲ ಟೀಚರ್. ಅಣ್ಣ ನಿಮ್ಮ ಕಾಲುನೋವಿಗಾಗಿ ಪ್ರಾರ್ಥನೆ ಮಾಡುತ್ತಿದ್ದರು."

"ಕಣ್ಣು ಬಿಟ್ಟುಕೊಂಡಾ?"

"ಮುಚ್ಚಿದರೆ ಅವರ ಪ್ರಾರ್ಥನೆ ನಮಗೆ ಹೇಗೆ ತಿಳಿಯಬೇಕು?"

"ಹಾಗಾದರೆ ಪರದೆ ಯಾಕೆ? ಯಾರಿಂದ ಮುಚ್ಚಿಡುವುದು?"

ಕಿಶನ್ ಹೋಗಿ ಪರದೆ ಸರಿಸಿದ. ಇಳಿಬಿಸಿಲು ಕಣ್ಣಿಗೆ ಹೊಡೆಯಿತು. ಬೆಳಕಿಗೆ ಬೆನ್ನು ಮಾಡಿ ನಿಂತು ಅವನು ಕೈಯಿಂದ ಏನೋ ಹೇಳಿದ. ಟೀಚರಿಗೆ ಕಂಡದ್ದು ಒಂದು ಕಪ್ಪು ಆಕಾರ ಮಾತ್ರ. ಅವನು ಪರದೆ ಎಳೆದು, ನಗುತ್ತ ಇನ್ನೊಮ್ಮೆ ಹೇಳಿದ. "ಚಹಾ ತಂದಿದ್ದೀರಾ ಅಂತ ಕೇಳಿದೆ. ಕಾಣಲಿಲ್ಲ ಅಲ್ವಾ?"

ಟೀಚರ್ ಬೆಂಚಿನ ಮೇಲೆ ಕೂತರು. "ಮತ್ತೆ ನಾನು ಬಂದ ಕೂಡಲೇ ಕೈ ನಿಲ್ಲಿಸುವುದು ಯಾಕೆ?"

ನಿಖಿತಾ ಸ್ವಲ್ಪ ಹಿಂಜರಿದಳು. "ನೀವು ನಮ್ಮ ಸನ್ನೆ ತಿದ್ದುತ್ತೀರಿ. ಪಾಸ್ಟರಿಗೆ ಹೇಳುವಾಗಲೂ ನಾವು ಹೇಳಿದ್ದನ್ನು ಚಂದ ಮಾಡಿ ಬೇರೆಯೇ ಹೇಳುತ್ತೀರಿ. ನಿಮ್ಮ ತುಟಿ ನೋಡಿದರೆ ಗೊತ್ತಾಗುತ್ತದೆ."

ಆಮೋಸ ಪಕ್ಕದಲ್ಲಿ ಬಂದು ಕೂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. "ನೀವು ಕಣ್ಣು ಮುಚ್ಚಿ ಎಂದಾಗ ಮುಚ್ಚುತ್ತಿದ್ದೆ. ಹೊಲಿಯಲು ಬಾಕಿ ಇರುವ ರವಿಕೆಗಳು ನೆನಪಾಗುತ್ತಿದ್ದವು. ಪಕ್ಕದವನು ಮೈ ಮುಟ್ಟಿದಾಗ ಆಮೆನ್ ಆಯಿತು ಅಂತ ತಿಳಿಯುತ್ತಿದ್ದೆ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಯಾರಿಗೆ ಹೇಳಲಿ? ಪಾಸ್ಟರಿಗೆ ಹೇಳುವುದಾದರೂ ನಿಮ್ಮ ಬಾಯಿಯೇ ಬೇಕಲ್ಲ."

ಟೀಚರಿಗೆ ನಾಚಿಕೆಯೂ ದುಃಖವೂ ಒಟ್ಟಿಗೇ ಬಂದವು. ಕೇಳುವ ಕಿವಿ ಒಂದೂ ಇಲ್ಲದ ಹಾಲ್‌ನಲ್ಲಿ ತಾನು ಅಷ್ಟು ಗಟ್ಟಿಯಾಗಿ ಪ್ರಾರ್ಥಿಸಿದ್ದು ಯಾರಿಗಾಗಿ? ಎಲೀಷನ ಅರಳಿದ ಕಣ್ಣು, ಅದರ ಮೇಲೆ ಅಮ್ಮನ ಅಂಗೈ ನೆನಪಿಗೆ ಬಂತು. ಅವನದು ತುಂಟತನ ಎಂದೇ ಎಲ್ಲರೂ ತಿಳಿದಿದ್ದರು. ಪಾಪ, ಪ್ರಾರ್ಥನೆ ಎಲ್ಲಿದೆ ಎಂದು ಆ ಹುಡುಗ ಎಲ್ಲರ ಮುಖದಲ್ಲಿ ಹುಡುಕುತ್ತಿದ್ದ. ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮರುದಿನ ಪಾಸ್ಟರ್ ಬಂದಾಗ ಹಾಲ್ ತುಂಬಿತ್ತು. ಬೀಗದ ಸುದ್ದಿ ಸುಂದರನಿಂದಾಗಿ ಎಲ್ಲ ಕಡೆ ಮುಟ್ಟಿತ್ತು. ನಿಖಿತಾ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಿದ್ದಳು. ಆಚೆ ಬಾಗಿಲಿಗೆ ಒರಗಿ ಸುಂದರನೂ ನಿಂತಿದ್ದ.

"ಮೊದಲು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವ," ಎಂದು ಪಾಸ್ಟರ್ ಕೈ ಜೋಡಿಸಿದರು.

"ಒಂದು ನಿಮಿಷ ಪಾಸ್ಟರ್."

ಟೀಚರ್ ಕುಂಟುತ್ತ ಹೋಗಿ ಪಡುವಣ ಕಿಟಕಿಯ ಪರದೆಯನ್ನು ತಾವೇ ಎಳೆದರು. ಮರಳಿ ಬಂದು ಮುಂದೆ ನಿಲ್ಲದೆ ಬೆಂಚಿನಲ್ಲಿ ಎಲ್ಲರ ನಡುವೆ ಕೂತರು.

"ಬೀಗದ ಕೈ ನಿಖಿತಾ ಹತ್ರವೇ ಇರ್ಲಿ. ನಂಗೆ ತಪ್ಪು ತಿಳುವಳಿಕೆ ಆದದ್ದು. ಇವತ್ತಿನ ಪ್ರಾರ್ಥನೆ ಆಮೋಸಣ್ಣಂದು. ಅವರು ಮಾಡ್ತಾರೆ, ನಾನು ಸ್ವರ ಕೊಡ್ತೇನೆ, ಅಷ್ಟೆ. ನೀವು ಕಣ್ಣು ಬಿಟ್ಟೇ ಇರಿ."

ಆಮೋಸ ಎದ್ದ. ಪಾಸ್ಟರ್ ಮುಚ್ಚಿದ್ದ ಕಣ್ಣು ತೆರೆದರು. ಅವನ ಕೈಗಳು ಮೆಲ್ಲನೆ ಆಡತೊಡಗಿದವು. ಟೀಚರ ಸ್ವರ ಅವನ್ನು ಹಿಂಬಾಲಿಸಿತು.

"ಸ್ವಾಮೀ, ನಾನು ಆಮೋಸ, ಕಡಬದ ಟೈಲರ್. ಇಷ್ಟು ವರ್ಷ ಇಲ್ಲಿ ಬಂದು ಸುಮ್ಮನೆ ಕೂತು ಹೋದೆ. ಈಗ ನನ್ನ ಮಾತು ಪಾಸ್ಟರಿಗೂ ಕೇಳ್ತಾ ಉಂಟು. ಈ ಮಕ್ಕಳನ್ನು ಚೆನ್ನಾಗಿಡು. ಬಾಗಿಲಲ್ಲಿ ನಿಂತ ಸುಂದರನನ್ನೂ ಒಳಗೆ ಕರಿ. ನಮ್ಮ ಟೀಚರಿಗೆ..."

ಆಮೋಸನ ಬೆರಳು ಮೂಗಿನ ಮೇಲಿನ ಇಲ್ಲದ ಕನ್ನಡಕವನ್ನು ತಳ್ಳಿ, ಮೊಣಕಾಲಿಗೆ ಇಳಿದು, ಅಲ್ಲಿಂದ ಮತ್ತೊಂದು ಸನ್ನೆಗೆ ಹೋಯಿತು. ಅದನ್ನು ಸ್ವಲ್ಪ ಚಂದ ಮಾಡಿ ಹೇಳೋಣವೆಂದು ಟೀಚರ ನಾಲಿಗೆ ತುದಿಗೆ ಬಂದಿತ್ತು. ನಿಖಿತಾ ಅವರ ತುಟಿಯನ್ನೇ ನೋಡುತ್ತಿದ್ದಳು.

"...ನಮ್ಮ ಟೀಚರಿಗೆ ಕಾಲುನೋವು ಉಂಟು, ಸಿಟ್ಟೂ ಜಾಸ್ತಿ ಉಂಟು. ಸ್ವಾಮೀ, ಎರಡನ್ನೂ ಕಡಿಮೆ ಮಾಡು," ಎಂದು ಟೀಚರ್ ಒಂದಕ್ಷರ ಬಿಡದೆ ಹೇಳಿದರು.