ಬಾವಿಗೆ ಸುರಿದ ಕೊಡ

ಪಂಪಾವತಿಯ ಬಾಣಂತನ ಮುಗಿದು ಗಂಗಮ್ಮನ ಪೂಜೆಯ ದಿನ ಬಂದಿತ್ತು. ಬಾಣಂತಿ ಬಾವಿಗೆ ಅರಿಸಿನ ಕುಂಕುಮ ಏರಿಸಿ, ತನ್ನ ಕೈಯಾರೆ ಒಂದು ಕೊಡ ನೀರು ತಂದ ಮೇಲೆಯೇ ಒಲೆ ಮುಟ್ಟಬೇಕು, ಗಂಡನ ಮನೆಗೆ ಹೊರಡಬೇಕು. ಆದರೆ ಊರ ಬಾವಿ ಬತ್ತಿಹೋಗಿತ್ತು.

ಬತ್ತಿಸಿದವನು ಅವಳ ಅಪ್ಪ ಅಂದಪ್ಪನೇ ಎಂದು ಊರವರು ಆಡಿಕೊಳ್ಳುತ್ತಿದ್ದರು. ಪೂರ್ತಿ ಸುಳ್ಳೂ ಅಲ್ಲ. ಗಿಣಿಗೇರಾ ಹಾದಿಯ ಶೇಂಗಾ ಎಣ್ಣೆಯ ಮಿಲ್ಲು ದೊಡ್ಡದಾಗಿ, ಹಿಂಡಿಯಿಂದಲೂ ಎಣ್ಣೆ ತೆಗೆಯುವ ಯಂತ್ರ ಬಂದ ಮೇಲೆ ಅದರ ಬಾಯ್ಲರಿಗೆ ಎಷ್ಟು ನೀರೂ ಸಾಲದಾಯಿತು. ಊರ ಬಾವಿಯ ಸೆಲೆಯನ್ನೂ ಎಳೆದುಕೊಂಡ ಮಿಲ್ಲಿನ ಬೋರಿನ ಮೋಟಾರು ನಡೆಸುವವನು ಅಂದಪ್ಪ. ಕೂಲಿಗಾಗಿ ಊರೂರು ಅಲೆದವನಿಗೆ ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ಸಿಕ್ಕ ಕಾಯಂ ನೌಕರಿ ಅದು. ಪಾಳಿ ಮಾಡಿ ಮಾಡಿ ಮೈ ಗಾಣಕ್ಕೆ ಹಾಕಿ ತೆಗೆದಂತಾಗಿತ್ತು, ಬಿಡುವ ಧೈರ್ಯ ಮಾತ್ರ ಇರಲಿಲ್ಲ.

ಅಂದು ನಸುಕಿನಲ್ಲೇ ಎದ್ದು, ಹಿಂದಿನ ದಿನ ಮಿಲ್ಲಿನಿಂದ ತಂದಿದ್ದ ಒಂದು ಕೊಡ ನೀರನ್ನು ಬಾವಿಗೆ ಸುರಿದ. ಮಗಳು ಒಂದು ತಂಬಿಗೆಯಷ್ಟಾದರೂ ಸೇದಲಿ ಎಂಬ ಹಂಬಲ. ತಳದ ಬಿರಿದ ಮಣ್ಣು ಅದನ್ನು ಗಟಗಟ ಕುಡಿದುಬಿಟ್ಟಿತು.

ಹಿಂದೆ ಯಾರೋ ನಕ್ಕರು. ನೆರೆಮನೆಯ ಮುದುಕಿ ಹುಲಿಗವ್ವ ಖಾಲಿ ಕೊಡ ಹಿಡಿದು ನಿಂತಿದ್ದಳು.

"ತಗದಿದ್ದನ್ನ ತಿರುಗಿ ಹಾಕಾಕ ಬಂದಿಯೇನೋ ಅಂದಪ್ಪ? ಭಾಳ ಕೊಡ ತರಬೇಕಾಕ್ಕತಿ ನೋಡು."

"ನಾ ಏನ್ ಮಾಡ್ಲಿ ಯವ್ವಾ? ಮೋಟಾರ ನಂದಲ್ಲ."

"ಬಟನ್ ಒತ್ತೂ ಕೈ ನಿಂದಲ್ಲೇನು?"

ಅಂದಪ್ಪನಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಮನೆಗೆ ಬಂದು ಹೆಂಡತಿ ಶಿವಬಸಮ್ಮನಿಗೆ, "ಪೂಜಿ ಮಿಲ್ಲಿನಾಗ ಮಾಡೂಣು. ಗಂಗವ್ವ ಈಗ ಅಲ್ಲೇ ಅದಾಳ," ಎಂದಷ್ಟೇ ಹೇಳಿ ಪಾಳಿಗೆ ಹೋದ.

ಮಿಲ್ಲಿನ ಮಾಲೀಕ ಕೊಟ್ರಬಸಪ್ಪ ಕೆಟ್ಟವನೇನಲ್ಲ. "ದೇವರ ಕೆಲಸ, ಬರ್ರಿ ಬರ್ರಿ," ಎಂದು ತಾನೇ ತೆಂಗಿನಕಾಯಿ ತರಿಸಿದ. ಪಂಪಾವತಿ ಬೋರಿನ ಕೊಳವೆಗೆ ಕುಂಕುಮ ಹಚ್ಚಿ ಕೊಡ ತುಂಬಿಕೊಂಡಳು. ಅಷ್ಟಕ್ಕೆ ಮುಗಿಯಲಿಲ್ಲ. ಜೊತೆಗೆ ಬಂದ ಹೆಂಗಸರ ಸೊಂಟದಲ್ಲೂ ಖಾಲಿ ಕೊಡಗಳಿದ್ದವು. ಹುಲಿಗವ್ವ ಎಲ್ಲರಿಗಿಂತ ಮುಂದಿದ್ದಳು.

ಕೊಟ್ರಬಸಪ್ಪನ ಮುಖ ಸಪ್ಪಗಾಯಿತು. "ಪೂಜಿ ಬ್ಯಾರೆ, ಊರಿಗೆಲ್ಲ ನೀರು ಹಂಚೂದು ಬ್ಯಾರೆ. ಬಾಯ್ಲರ್ ನಿಂತ್ರ ನಿಮ್ಮ ಊರಿನ ಮಂದಿ ಕೂಲಿನೂ ನಿಲ್ಲತೈತಿ, ಅಂದಪ್ಪ. ಹೇಳು ಇವರಿಗೆ."

"ಖರೆ ಐತ್ರಿ ಸಾವ್ಕಾರ್ರ," ಎಂದ ಅಂದಪ್ಪ. ಅವನ ಮನೆಯ ರೊಟ್ಟಿಯೂ ಆ ಕೂಲಿಯದೇ. "ಆದ್ರ ಬರೇ ಕೂಲಿ ಒಯ್ದು ಏನ್ ಮಾಡೂದ್ರಿ? ಹಿಟ್ಟು ನಾದಾಕ ನೀರು ಬೇಕಲ್ರಿ."

ಬಾಯ್ಲರಿನ ತೊಟ್ಟಿಗೆ ಬೀಳುತ್ತಿದ್ದ ರಬ್ಬರ್ ಪೈಪನ್ನು ಎತ್ತಿ ಹುಲಿಗವ್ವನ ಕೊಡಕ್ಕೆ ಹಿಡಿದ. ಮುದುಕಿ ಈ ಸಲ ನಗಲಿಲ್ಲ.

"ನಾಳಿಂದ ನೀ ಬರಬ್ಯಾಡ," ಎಂದ ಕೊಟ್ರಬಸಪ್ಪ.

"ಆತ್ರಿ. ಇವತ್ತಿನ ಪಾಳಿ ಸಂಜೀತನಕ ಐತ್ರಿ," ಎಂದು ಅಂದಪ್ಪ ಮುಂದಿನ ಕೊಡಕ್ಕೆ ಪೈಪು ಹಿಡಿದ.